ಏರ್ ಫ್ರೈಯರ್: ಲೀಟರ್ ನೋಡಬೇಡಿ, ಬುಟ್ಟಿಯ ತಳ ಅಳೆಯಿರಿ

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಪತ್ರಿಕೆಗಳ ಜಾಹೀರಾತಿನಲ್ಲಿ ಏರ್ ಫ್ರೈಯರ್ ಚಿತ್ರಗಳು ತುಂಬಿಕೊಳ್ಳುತ್ತವೆ. ಪುರವಣಿಗಳ ಅಡುಗೆ ಪುಟದಲ್ಲೂ ‘ಎಣ್ಣೆಯಿಲ್ಲದ ವಡೆ’, ‘ಎಣ್ಣೆಯಿಲ್ಲದ ಬಜ್ಜಿ’ ಎಂಬ ತಲೆಬರಹ ಕಾಣಿಸುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಇದನ್ನು ತರಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವವರಿಗೆ ಬೇಕಾದ ವಿವರ ಅಲ್ಲಿ ಸಿಗುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಮೂವರಿರುವ, ಮೀನು, ಕೋಳಿ ಅಥವಾ ಹುರಿದ ತರಕಾರಿಯನ್ನು ವಾರದಲ್ಲಿ ಮೂರ್ನಾಲ್ಕು ಸಲ ಮಾಡುವ ಮನೆಗೆ ಇದು ಒಳ್ಳೆಯ ಖರೀದಿ. ಐದಾರು ಮಂದಿಗೆ ಬೆಳಿಗ್ಗೆ ಪೂರಿ, ಸಂಜೆ ಬಜ್ಜಿ ಬೋಂಡಾ ಬೇಕು, ಅವನ್ನೇ ಎಣ್ಣೆಯಿಲ್ಲದೆ ಮಾಡಬೇಕು ಎಂಬ ಆಸೆಯಿಂದ ಕೊಳ್ಳುವುದಾದರೆ ಖಂಡಿತ ಬೇಡ.

ಯಂತ್ರದೊಳಗೆ ಇರುವುದು ಇಷ್ಟೇ: ಮೇಲ್ಗಡೆ ಸುರುಳಿಯಾಕಾರದ ಹೀಟಿಂಗ್ ಕಾಯಿಲ್, ಅದರ ಮೇಲೊಂದು ಫ್ಯಾನ್, ಕೆಳಗೆ ತೂತುಗಳಿರುವ ಬುಟ್ಟಿ, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಮತ್ತು ಟೈಮರ್. ಬಿಸಿಗಾಳಿ ಬುಟ್ಟಿಯಲ್ಲಿರುವ ತಿನಿಸನ್ನು ಸುತ್ತಿ ಬಂದು ಮತ್ತೆ ಕಾಯಿಲ್ ಸೇರುತ್ತದೆ. ಫಿಲಿಪ್ಸ್ ಕಂಪನಿ 2010ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗಿನಿಂದ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಬೇಕರಿಗಳಲ್ಲಿ ಇರುವ ಫ್ಯಾನ್ ಓವನ್ನಿನ ಪುಟ್ಟ ರೂಪ ಇದು. ಜಾಗ ಚಿಕ್ಕದಾದ್ದರಿಂದ ಮೂರು ನಾಲ್ಕು ನಿಮಿಷದಲ್ಲೇ ಕಾಯುತ್ತದೆ. ಗಾಳಿಯ ರಭಸಕ್ಕೆ ತಿನಿಸಿನ ಮೇಲ್ಮೈ ಬೇಗ ಒಣಗಿ ಗರಿಗರಿಯಾಗುತ್ತದೆ.

ಆದರೆ ಎಣ್ಣೆ ಮಾಡುವ ಕೆಲಸವನ್ನು ಗಾಳಿ ಮಾಡಲಾರದು. 175ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಎಣ್ಣೆಗೆ ಹಿಟ್ಟು ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಹೊರಪದರ ಗಟ್ಟಿಯಾಗುತ್ತದೆ, ಏಕೆಂದರೆ ಎಣ್ಣೆ ಗಾಳಿಗಿಂತ ಹಲವು ಪಟ್ಟು ವೇಗವಾಗಿ ಶಾಖವನ್ನು ದಾಟಿಸುತ್ತದೆ. ಅಷ್ಟೇ ಬಿಸಿಯಾದ ಗಾಳಿಯಲ್ಲಿ ಅದೇ ಪದರ ಕಟ್ಟಲು ನಿಮಿಷಗಳೇ ಬೇಕು. ಅಷ್ಟರೊಳಗೆ ಉದ್ದಿನ ವಡೆಯ ಹಿಟ್ಟು ಚಪ್ಪಟೆಯಾಗಿ ಬುಟ್ಟಿಯ ತೂತಿಗೆ ಇಳಿದಿರುತ್ತದೆ, ಬಜ್ಜಿಯ ಕಡಲೆಹಿಟ್ಟು ಅರ್ಧ ಕೆಳಗೆ ಸೋರಿ ಉಳಿದರ್ಧ ಒಣಗಿ ಬಿರುಕು ಬಿಟ್ಟಿರುತ್ತದೆ. ಪೂರಿ ಉಬ್ಬಲು ಒಳಗಿನ ನೀರು ಒಮ್ಮೆಗೇ ಆವಿಯಾಗಬೇಕು. ಇಲ್ಲಿ ನಿಧಾನವಾಗಿ ಆರಿಹೋಗಿ ಒಣ ರೊಟ್ಟಿಯಂತಾಗುತ್ತದೆ. ಅಕ್ಕಿ ಸಂಡಿಗೆ ಅರಳುವುದೂ ಅರ್ಧಂಬರ್ಧ. ಹಿಟ್ಟನ್ನು ಎಷ್ಟು ಹದ ಮಾಡಿದರೂ, ಎಷ್ಟು ದುಬಾರಿ ಮಾಡೆಲ್ ತಂದರೂ ಇದು ಬದಲಾಗುವುದಿಲ್ಲ. ಬೆಂಡೆಕಾಯಿ ಹುರಿಯಲು ಇಟ್ಟುಕೊಳ್ಳಿ, ಉದ್ದಿನ ವಡೆಗೆ ಬಾಣಲೆಯೇ ಇರಲಿ.

ನಮ್ಮ ಕರಿದ ತಿಂಡಿಗಳಲ್ಲಿ ಏರ್ ಫ್ರೈಯರ್‌ಗೆ ನಿಜಕ್ಕೂ ಒಗ್ಗುವುದು ಕಡಲೆಬೇಳೆಯ ಅಂಬೊಡೆ, ಏಕೆಂದರೆ ಅದರ ಹಿಟ್ಟಿಗೆ ನೀರೇ ಹಾಕುವುದಿಲ್ಲ. 200 ಗ್ರಾಂ ಬೇಳೆಯನ್ನು ಎರಡು ಗಂಟೆ ನೆನೆಸಿ. ಹೆಚ್ಚು ನೆನೆದರೆ ನೀರು ಕುಡಿದು ಹಿಟ್ಟು ಸಡಿಲವಾಗುತ್ತದೆ. ಜರಡಿಯಲ್ಲಿ ಕಾಲು ಗಂಟೆ ಬಸಿದು, ಒಂದು ಹಿಡಿ ಇಡೀ ಬೇಳೆ ತೆಗೆದಿಟ್ಟು, ಉಳಿದದ್ದನ್ನು ನೀರಿಲ್ಲದೆ ತರಿತರಿಯಾಗಿ ರುಬ್ಬಬೇಕು. ಇದಕ್ಕೆ ತೆಗೆದಿಟ್ಟ ಬೇಳೆ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು, ಒಂದು ದೊಡ್ಡ ಚಮಚ ಎಣ್ಣೆ ಕಲಸಿ. ಈ ಎಣ್ಣೆ ಬಿಟ್ಟರೆ ವಡೆಯ ಒಳಭಾಗ ಪುಡಿಪುಡಿಯಾಗಿ ಗಂಟಲಿಗೆ ಹಿಡಿಯುತ್ತದೆ. ಈರುಳ್ಳಿ, ಉಪ್ಪು ತಟ್ಟುವ ಮುಂಚೆ ಮಾತ್ರ ಸೇರಿಸಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಕರಿಬೇವನ್ನು ಸಣ್ಣಗೆ ಹೆಚ್ಚಿ ಹಿಟ್ಟಿನೊಳಗೆ ಕಲಸಿಬಿಡಿ, ಹೊರಗೆ ಅಂಟಿಸಿದ ಎಲೆ ಹಾರಿ ಕಾಯಿಲ್‌ಗೆ ತಗಲಿ ಸೀಯುತ್ತದೆ. ವಡೆ ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ, ನಡುವೆ ಹಸಿ ಬೇಳೆಯ ವಾಸನೆ ಉಳಿಯುತ್ತದೆ. ಯಂತ್ರವನ್ನು 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಕಾಯಿಸಿ, ವಡೆಯ ಮೇಲೆ ಬ್ರಷ್‌ನಲ್ಲಿ ಎಣ್ಣೆ ಸವರಿ ಹತ್ತು ನಿಮಿಷ ಬೇಯಿಸಿ. ಮಗುಚಿ, ಇನ್ನೊಂದು ಬದಿಗೂ ಸವರಿ ಆರು ನಿಮಿಷ ಇಡಿ. ಇಷ್ಟು ಮಾಡಿದರೂ ಬಾಣಲೆಯ ಅಂಬೊಡೆಯ ರುಚಿ ಪೂರ್ತಿ ಬರುವುದಿಲ್ಲ, ಮುಕ್ಕಾಲು ಪಾಲು ಬರುತ್ತದೆ. ಬಿಸಿಯಿರುವಾಗಲೇ ತಿನ್ನಬೇಕು, ಅರ್ಧ ಗಂಟೆ ಬಿಟ್ಟರೆ ಗಟ್ಟಿಯಾಗುತ್ತದೆ.

ಮೀನಿಗೆ ಇದು ಬಹಳ ಒಳ್ಳೆಯ ಯಂತ್ರ. ಬಂಗುಡೆ, ಬೂತಾಯಿಯಲ್ಲಿ ಸ್ವಂತ ಕೊಬ್ಬಿರುವುದರಿಂದ ಎಣ್ಣೆ ಹೆಸರಿಗಷ್ಟೇ ಸಾಕು. ಅಂಜಲ್ ತುಂಡಿಗೆ ಮಾತ್ರ ಧಾರಾಳವಾಗಿ ಸವರಬೇಕು. ಮಸಾಲೆ ಗಟ್ಟಿಯಾಗಿರಲಿ, ನೀರಾಗಿದ್ದರೆ ಮೀನು ಹುರಿಯುವ ಬದಲು ಬೇಯುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪದ ತುಂಡಿಗೆ 200 ಡಿಗ್ರಿಯಲ್ಲಿ ಎಂಟು ನಿಮಿಷ, ಮಗುಚಿ ನಾಲ್ಕು ನಿಮಿಷ. ರವಾ ಫ್ರೈ ಮಾಡುವವರು ಒಣ ರವೆಯಲ್ಲಿ ಹೊರಳಿಸಿ ಇಟ್ಟರೆ ಫ್ಯಾನ್ ಅದನ್ನು ಹಾರಿಸುತ್ತದೆ, ಉಳಿದದ್ದು ಬೆಳ್ಳಗೆ ಹಸಿಯಾಗಿ ನಿಲ್ಲುತ್ತದೆ. ಎರಡು ಚಮಚ ರವೆಗೆ ಒಂದು ಚಮಚ ಎಣ್ಣೆ ಹಾಕಿ ಬೆರಳಲ್ಲಿ ತಿಕ್ಕಿಕೊಂಡು ಆಮೇಲೆ ಮೀನಿಗೆ ಒತ್ತಿದರೆ ಈ ತೊಂದರೆ ಇರುವುದಿಲ್ಲ. ಮೂಳೆಯಿರುವ ಕೋಳಿಗೆ ಮೊದಲು 180 ಡಿಗ್ರಿಯಲ್ಲಿ ಹದಿನೈದು ನಿಮಿಷ, ಕೊನೆಗೆ 200ರಲ್ಲಿ ಐದಾರು ನಿಮಿಷ. ಮೂಳೆಯ ಪಕ್ಕ ಚುಚ್ಚಿದಾಗ ಕೆಂಪು ನೀರು ಬಂದರೆ ಇನ್ನೂ ಬೇಯಬೇಕು. ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕಿ ಸುಟ್ಟು ಹೊಗೆಯೇಳುವುದನ್ನು ಕೆಟ್ಟಿದೆಯೆಂದು ಭಾವಿಸಿ ಸರ್ವಿಸ್‌ನವರಿಗೆ ಫೋನ್ ಮಾಡುವವರು ಬಹಳ. ಬುಟ್ಟಿಯ ಕೆಳಗೆ ಮೂರು ನಾಲ್ಕು ಚಮಚ ನೀರು ಹಾಕಿಟ್ಟರೆ ಹೊಗೆ ನಿಲ್ಲುತ್ತದೆ.

ತರಕಾರಿಯಲ್ಲಿ ಬೆಂಡೆ, ಹಾಗಲ, ಬದನೆ, ಬಾಳೆಕಾಯಿ ಚೆನ್ನಾಗಿ ಬರುತ್ತವೆ. ಸುವರ್ಣಗಡ್ಡೆಯನ್ನು ಹುಣಸೆನೀರಿನಲ್ಲಿ ಅರೆಬೇಯಿಸಿಯೇ ಇಡಬೇಕು. ಕಾಲು ಕಿಲೋ ಬೆಂಡೆಗೆ ಎರಡು ಸಣ್ಣ ಚಮಚ ಎಣ್ಣೆ, 180 ಡಿಗ್ರಿ, ಹನ್ನೆರಡು ನಿಮಿಷ, ನಡುವೆ ಎರಡು ಸಲ ಕುಲುಕುವುದು. ಉಪ್ಪು ಕೊನೆಗೆ. ಶೇಂಗಾ ಹುರಿಯಲು 160 ಡಿಗ್ರಿ ಸಾಕು, 200 ಗ್ರಾಂಗೆ ಎಂಟರಿಂದ ಹತ್ತು ನಿಮಿಷ. ಹೊರತೆಗೆದ ಮೇಲೂ ಒಳಗಿನ ಕಾವಿಗೆ ಬಣ್ಣ ಏರುತ್ತದೆ, ಆದ್ದರಿಂದ ತುಸು ಮುಂಚೆಯೇ ತೆಗೆಯಿರಿ. ಹಪ್ಪಳ ಒಂದೆರಡು ನಿಮಿಷದಲ್ಲಿ ಆಗುತ್ತದೆ, ಆದರೆ ಮೇಲೊಂದು ಸ್ಟೀಲ್ ಜಾಲರಿ ಇಡದಿದ್ದರೆ ಹಾರಿ ಕಾಯಿಲ್‌ಗೆ ಅಂಟಿಕೊಂಡು ಸುಡುತ್ತದೆ.

ಆಲೂಗಡ್ಡೆಯ ವಿಷಯದಲ್ಲಿ ಆರೋಗ್ಯದ ಮಾತೂ ಇದೆ. ಪಿಷ್ಟವಿರುವ ಪದಾರ್ಥ 120 ಡಿಗ್ರಿ ಮೀರಿ ಕಂದುಗಟ್ಟುವಾಗ ಅಕ್ರಿಲಮೈಡ್ ಎಂಬ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ರಾಸಾಯನಿಕ ಹುಟ್ಟುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಇದನ್ನು ಆಹಾರದಲ್ಲಿ ಪತ್ತೆಹಚ್ಚಿದರು, ಯುರೋಪಿಯನ್ ಒಕ್ಕೂಟ 2017ರಲ್ಲಿ ಇದನ್ನು ತಗ್ಗಿಸಲು ನಿಯಮವನ್ನೇ ತಂದಿತು. ಬಿಸಿಗಾಳಿಯಲ್ಲೂ ಇದು ಹುಟ್ಟುತ್ತದೆ, ಎಣ್ಣೆ ಕಡಿಮೆ ಎಂದಮಾತ್ರಕ್ಕೆ ತಪ್ಪುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಬೇಗ ಕಪ್ಪಾಗುವುದರಿಂದ ಹುರಿಯುವ ಆಲೂಗಡ್ಡೆಯನ್ನು ಹೊರಗೇ ಇಡಿ. ಬೆರಳಿನಷ್ಟು ದಪ್ಪಕ್ಕೆ ಸೀಳಿ, ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಎಣ್ಣೆ ಸವರಿ. 160 ಡಿಗ್ರಿಯಲ್ಲಿ ಹನ್ನೆರಡು ನಿಮಿಷ, 190ರಲ್ಲಿ ಆರೇಳು ನಿಮಿಷ. ಬಂಗಾರದ ಬಣ್ಣ ಬಂದೊಡನೆ ತೆಗೆಯಬೇಕು.

ಎಣ್ಣೆಯ ಉಳಿತಾಯವಂತೂ ನಿಜ. ಅಂಗಡಿಯ ಆಲೂ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಬಾಣಲೆಯಲ್ಲಿ ಉಳಿಯುವ ಎಣ್ಣೆ. ನಮ್ಮ ಮನೆಗಳಲ್ಲಿ ಅದನ್ನು ಡಬ್ಬಿಗೆ ಸೋಸಿ ಮತ್ತೆ ಮತ್ತೆ ಕಾಯಿಸುತ್ತೇವೆ. ಹಾಗೆ ಕಾಯಿಸಿದಷ್ಟೂ ಎಣ್ಣೆ ಕೆಟ್ಟು ಅದರಲ್ಲಿ ಕೂಡಿಕೊಳ್ಳುವ ‘ಪೋಲಾರ್ ಸಂಯುಕ್ತ’ಗಳೆಂಬ ಪದಾರ್ಥಗಳು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಏರ್ ಫ್ರೈಯರ್‌ನಲ್ಲಿ ಮಾಡಿದ ತಿನಿಸಿಗೆ ಹೀಗೆ ಎಣ್ಣೆ ಉಳಿಯುವ ಪ್ರಶ್ನೆಯೇ ಇಲ್ಲ.

ಇನ್ನು ಅಳತೆ. ‘4.2 ಲೀಟರ್, ನಾಲ್ಕು ಜನರ ಕುಟುಂಬಕ್ಕೆ’ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಲೀಟರ್ ಎಂದರೆ ಬುಟ್ಟಿಯ ಆಳವೂ ಸೇರಿದ ಲೆಕ್ಕ. ವಡೆ, ಮೀನನ್ನು ಒಂದರ ಮೇಲೊಂದು ಪೇರಿಸಲಾಗದು, ಗಾಳಿ ಆಡದ ಕಡೆ ಮೆತ್ತಗೇ ಉಳಿಯುತ್ತವೆ. ಲೆಕ್ಕಕ್ಕೆ ಬರುವುದು ತಳದ ಅಗಲ ಮಾತ್ರ. ತಳ 20 ಸೆಂಟಿಮೀಟರ್ ಚೌಕವಿದ್ದರೆ ಆರು ಸೆಂಟಿಮೀಟರಿನ ಅಂಬೊಡೆ ಒಂಬತ್ತು ಹಿಡಿಸುತ್ತವೆ. ಐದು ಜನಕ್ಕೆ ತಲಾ ಐದರಂತೆ 25 ವಡೆ ಬೇಕೆಂದರೆ ಮೂರು ಸುತ್ತು, ಮುಕ್ಕಾಲು ಗಂಟೆಗೂ ಹೆಚ್ಚು. ಬಾಣಲೆಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಕೊನೆಯ ಸುತ್ತು ಹೊರಬರುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತದೆ. ಅಂಗಡಿಗೆ ಹೋಗುವಾಗ ಸ್ಕೇಲ್ ಒಯ್ದು ತಳ ಅಳೆಯಿರಿ. ಕೆಳಗೆ ಕಿರಿದಾಗುತ್ತಾ ಹೋಗುವ ದುಂಡು ಬುಟ್ಟಿಗಿಂತ ಚೌಕ ಬುಟ್ಟಿ ಲೇಸು.

ಬಹುತೇಕ ಮಾಡೆಲ್‌ಗಳು 1200ರಿಂದ 1800 ವ್ಯಾಟ್‌ನವು. 1500 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್. 6 ಆಂಪಿಯರ್‌ನ ಸಣ್ಣ ಸಾಕೆಟ್ ಇದಕ್ಕೆ ಸಾಲದು. ಮಲ್ಟಿಪ್ಲಗ್‌ನಲ್ಲಿ ಫ್ರಿಜ್, ಮಿಕ್ಸಿಯ ಜೊತೆ ಸಿಕ್ಕಿಸಿದರೆ ಪಿನ್ ಕಾದು ಪ್ಲಾಸ್ಟಿಕ್ ಕರಗುತ್ತದೆ. 16 ಆಂಪಿಯರ್ ಪಾಯಿಂಟ್ ಇಲ್ಲದ ಹಳೆಯ ಮನೆಯವರು ಅದನ್ನು ಹಾಕಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಲಿ. ದಿನಕ್ಕೆ 20 ನಿಮಿಷ ಓಡಿಸಿದರೆ ಸುಮಾರು ಅರ್ಧ ಯೂನಿಟ್, ತಿಂಗಳಿಗೆ 10ರಿಂದ 15 ಯೂನಿಟ್. ದೊಡ್ಡ ಮೊತ್ತವಲ್ಲ, ಆದರೆ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, 190ರ ಆಸುಪಾಸಿನಲ್ಲಿರುವ ಮನೆಗಳು ಇದನ್ನು ಗಮನದಲ್ಲಿಡಬೇಕು.

ಮನೆಯಲ್ಲಿ ಈಗಾಗಲೇ ಫ್ಯಾನ್ ಇರುವ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಯಂತ್ರ) ಅಥವಾ ಬಿಸಿಗಾಳಿಯಲ್ಲೂ ಬೇಯಿಸುವ ಕನ್ವೆಕ್ಷನ್ ಮೈಕ್ರೋವೇವ್ ಇದ್ದರೆ ಇನ್ನೊಂದು ಯಂತ್ರ ಅನಗತ್ಯ. ಓಟಿಜಿ ಕಾಯಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ ನಿಜ. ಆದರೆ ಅದರ ತಟ್ಟೆಯಲ್ಲಿ ಏರ್ ಫ್ರೈಯರಿನ ಎರಡು ಸುತ್ತಿನ ತಿಂಡಿ ಒಮ್ಮೆಗೇ ಹಿಡಿಸುತ್ತದೆ, ಕೇಕ್, ಬ್ರೆಡ್ ಕೂಡ ಆಗುತ್ತದೆ. ದೊಡ್ಡ ಕುಟುಂಬಕ್ಕೆ ಹೊಸದಾಗಿ ಕೊಳ್ಳುವುದಾದರೂ ನಾನು ಓಟಿಜಿಯನ್ನೇ ಹೇಳುತ್ತೇನೆ.

ಯಂತ್ರ ಹಾಳಾಗುವುದು ಸಾಮಾನ್ಯವಾಗಿ ಬುಟ್ಟಿಯಿಂದ. ನಾನ್‌ಸ್ಟಿಕ್ ಲೇಪನವನ್ನು ಸ್ಟೀಲ್ ಚಮಚ, ತಂತಿ ಬ್ರಷ್ ತಾಗಿಸಿ ಕೆರೆದರೆ ಬೇಗನೆ ಏಳುತ್ತದೆ. ಡಬ್ಬಿಯ ಸ್ಪ್ರೇ ಎಣ್ಣೆಗೆ ಸೇರಿಸಿರುವ ಲೆಸಿಥಿನ್ ಎಂಬ ಪದಾರ್ಥ ಅಂಟಂಟಾಗಿ ಉಳಿದು ತಿಕ್ಕಿದರೂ ಹೋಗದು, ಬ್ರಷ್ ಸಾಕು. ತೂತಿಲ್ಲದ ಕಾಗದ ಹಾಸಿದರೆ ಗಾಳಿಯೇ ಆಡುವುದಿಲ್ಲ, ಖಾಲಿ ಬುಟ್ಟಿಯಲ್ಲಿ ಕಾಗದವಿಟ್ಟು ಕಾಯಿಸಿದರೆ ಅದು ಹಾರಿ ಕಾಯಿಲ್‌ಗೆ ತಗಲಿ ಹೊತ್ತಿಕೊಳ್ಳುತ್ತದೆ. ಹಿಂಬದಿಯ ಬಿಸಿಗಾಳಿ ಹೊರಹೋಗಲು ಗೋಡೆಯಿಂದ ಒಂದು ಗೇಣು ಜಾಗ ಬಿಡಬೇಕು. ಪ್ಲೈವುಡ್ ಕಪಾಟಿನೊಳಗೆ ಇಟ್ಟು ಓಡಿಸಲೇಬಾರದು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಕಾಯಿಲ್‌ನ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಪ್ರತಿ ಸಲವೂ ಹಳೆಯ ಮಸಾಲೆಯ ಕಮಟು ಏಳುತ್ತದೆ. ಕೊಳ್ಳುವ ಮುಂಚೆ ಬಿಡಿ ಬುಟ್ಟಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಕೇಳಿ, ವಾರಂಟಿ ಲೇಪನಕ್ಕೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಸಂಪಾದಕರಲ್ಲಿ ಒಂದು ಕೋರಿಕೆ. ಅಡುಗೆ ಪುಟದಲ್ಲಿ ಏರ್ ಫ್ರೈಯರ್ ವಿಧಾನ ಪ್ರಕಟಿಸುವಾಗ ‘200 ಡಿಗ್ರಿಯಲ್ಲಿ 15 ನಿಮಿಷ’ ಎಂದಷ್ಟೇ ಬರೆದರೆ ಓದುಗರ ಹಿಟ್ಟು, ಮೀನು ಹಾಳಾಗುತ್ತದೆ. ಎಷ್ಟು ವ್ಯಾಟ್‌ನ ಯಂತ್ರ, ಬುಟ್ಟಿಯ ತಳ ಎಷ್ಟು, ಒಂದು ಸುತ್ತಿಗೆ ಎಷ್ಟು ಗ್ರಾಂ, ತುಂಡು ಎಷ್ಟು ದಪ್ಪ, ಎಣ್ಣೆ ಎಷ್ಟು ಚಮಚ, ಯಾವಾಗ ಮಗುಚಬೇಕು ಎಂಬ ಆರು ವಿವರಗಳನ್ನು ಲೇಖಕರಿಂದ ಕೇಳಿ ಪಡೆದು ಜೊತೆಗೆ ಅಚ್ಚುಹಾಕಿ. ನಾಲ್ಕೈದು ಸಾಲಿನ ಜಾಗ ಸಾಕು.

– ಓದುಗರೊಬ್ಬರು, ಶಿವಮೊಗ್ಗ