ಏನೂ ಉಳಿದಿಲ್ಲ ಅಂದೆಯಲ್ಲ

ಕಕ್ಕಬ್ಬೆ, ಕೊಡಗು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಸೋಮವಾರ ಬಂತು. ಕೆಲಸ, ಬಾಡಿಗೆ, ನಿಮ್ಮಪ್ಪನ ಸಕ್ಕರೆ ಕಾಯಿಲೆ ಎಲ್ಲ ಓದಿದೆ. ಅದಕ್ಕೆಲ್ಲ ನಾನು ಹೊಸದಾಗಿ ಹೇಳೋದೇನಿಲ್ಲ. ಕೊನೆಯ ಪುಟದ ಒಂದು ಸಾಲು ಮಾತ್ರ ಬಿಡ್ತಾ ಇಲ್ಲ. "ಮೊಬೈಲ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಸುಮ್ನೆ ಕೂತರೆ ನನ್ನೊಳಗೆ ಏನೂ ಉಳಿದಿಲ್ಲ ಅನ್ನಿಸುತ್ತೆ ದೊಡ್ಡಪ್ಪ, ಅದಕ್ಕೇ ಅಲ್ಲಿಗೆ ಬರೋಕೆ ಭಯ." ಒಂದು ಸಲ ಬರೆದು ಗೀಟು ಹಾಕಿದ್ದೀಯ. ಮತ್ತೆ ಅದನ್ನೇ ಕೆಳಗೆ ಬರೆದಿದ್ದೀಯ. ಆ ಗೀಟು ನೋಡಿ ನನಗೆ ನಿದ್ದೆ ಹತ್ತಲಿಲ್ಲ.

ಎಲ್ಲ ಮೊಬೈಲಿನಿಂದ ಅಂತ ಬೈದು ಮುಗಿಸಬಹುದಿತ್ತು. ನನಗೆ ಆ ಬಾಯಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮವರು ಯಾರು ಎಲ್ಲಿದ್ದಾರೆ ಅಂತ ತಿಳಿದದ್ದು ಅದರಿಂದಲೇ. ಇವತ್ತಿಗೂ ಯಾವ ತೋಟದಲ್ಲಿ ಆನೆ ನಿಂತಿದೆ ಅಂತ ವಾಟ್ಸ್ಆಪ್ ಗುಂಪು ನೋಡಿಯೇ ನಾನು ಗೇಟು ದಾಟೋದು.

ಮೊಬೈಲಿಗೂ ಮುಂಚೆ ನನಗೊಂದು ಪೆಟ್ಟಿಗೆ ಇತ್ತು. ಟ್ರಾನ್ಸಿಸ್ಟರ್. ಅದು ಕಿವಿಯ ಹತ್ತಿರ ಇಲ್ಲದಿದ್ದರೆ ನನಗೂ ಮನೆ ಖಾಲಿ ಅನ್ನಿಸುತ್ತಿತ್ತು. 1983ರ ಜೂನ್ 25, ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್. ನಾವು 183ಕ್ಕೆ ಆಲೌಟ್. ಹೊರಗೆ ಜಡಿಮಳೆ, ರೇಡಿಯೋ ಒಳಗೂ ಮಳೆಯದ್ದೇ ಕರಕರ ಸದ್ದು. ನಾನು ಕಂಬಳಿಯೊಳಗೆ ಅದನ್ನು ತಬ್ಬಿಕೊಂಡು ಮಲಗಿದ್ದೆ. ಕಪಿಲ್ ಓಡಿಹೋಗಿ ರಿಚರ್ಡ್ಸ್‌ನ ಕ್ಯಾಚ್ ಹಿಡಿದಿದ್ದ. ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತು ಕರೆದರು. "ತೋಡಿನ ಸದ್ದು ಬದಲಾಗಿದೆ, ಬಾ."

ನನಗೆ ಆ ಹಳ್ಳದ ಯಾವ ಸದ್ದೂ ಬದಲಾದಂತೆ ಕೇಳಿಸಲಿಲ್ಲ. "ಈಗ ಬಂದೆ" ಅಂದೆ. ಹೋಗಲಿಲ್ಲ.

ಬೆಳಗಿನ ಜಾವ ಅಪ್ಪ ಒಬ್ಬರೇ ಗುದ್ದಲಿ ಹಿಡಿದುಕೊಂಡು ಬಂದರು. ಗದ್ದೆಯ ಏರಿ ಒಡೆದು ಭತ್ತದ ಅಗೆ ಅರ್ಧ ಕೊಚ್ಚಿಹೋಗಿತ್ತು. ಕಾಲಿನ ತುಂಬ ಜಿಗಣೆ ಕಚ್ಚಿದ ರಕ್ತ, ಬೆರಳ ಸಂದಿಯಲ್ಲಿ ಇನ್ನೂ ಎರಡು ಅಂಟಿಕೊಂಡಿದ್ದವು. ಸುಣ್ಣ ಹಚ್ಚಿ ಅವನ್ನು ಬಿಡಿಸುತ್ತಾ ಕೇಳಿದರು, "ನಾವು ಗೆದ್ವಾ?"

ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಆ ಕತ್ತಲಲ್ಲಿ, ಅಷ್ಟು ಮಳೆಯಲ್ಲಿ ಅವರಿಗೆ ಏನು ಕೇಳಿಸಿತು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅವರು ಹೋದಮೇಲೆ ಎಷ್ಟೋ ರಾತ್ರಿ ತೋಡಿನ ದಂಡೆಯಲ್ಲಿ ನಿಂತಿದ್ದೇನೆ. ಈಗ ಒಂಚೂರು ಗೊತ್ತಾಗುತ್ತೆ. ನೀರು ಏರಿದಾಗ ತಳದ ಕಲ್ಲುಗಳು ಒಂದಕ್ಕೊಂದು ತಾಗಿ ಗುಡುಗುಡು ಅನ್ನುತ್ತವೆ. ಅಷ್ಟು ಕಲಿಯೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು. ಏನು ಹೇಳಲು ಹೊರಟಿದ್ದೆ, ಎಲ್ಲಿಗೋ ಹೋದೆ.

ಏನೂ ಉಳಿದಿಲ್ಲ ಅಂದೆಯಲ್ಲ. ಒಳಗೆ ಯಾರೂ ಇಲ್ಲದಿದ್ದರೆ ಭಯ ಪಡೋದು ಯಾರು, ಅಂತ ಬರೆಯಬೇಕು ಅನ್ನಿಸಿತು. ಜಾಣ ಮಾತು ಅದು, ಅದರಿಂದ ನಿನಗೆ ನಿದ್ದೆ ಬರಲ್ಲ. ರೇಡಿಯೋ ಆರಿಸಿದ ಮೊದಲ ದಿನಗಳಲ್ಲಿ ನನಗೂ ಹಾಗೇ ಇತ್ತು. ತೋಡಿನ ಹತ್ತಿರ ಕೂತರೆ ತಲೆಯಲ್ಲಿ ಬರೀ ಸಾಲದ ಲೆಕ್ಕ, ಹಳೆ ಜಗಳ. ಆಮೇಲೆ ಅದೂ ನಿಂತು ಒಂಥರಾ ಬೇಜಾರು. ಅದೇ ಖಾಲಿ ಅಂತ ಅಂದುಕೊಂಡು ಎದ್ದು ಬಂದುಬಿಡುತ್ತಿದ್ದೆ. ಇನ್ನೊಂದಿಷ್ಟು ಹೊತ್ತು ಕೂರಬೇಕಿತ್ತೇನೋ.

ನಿನಗೆ ಹೇಳೋ ಯೋಗ್ಯತೆ ನನಗಿದೆಯೋ ಇಲ್ಲವೋ. ಬಂದರೆ ಮೊದಲ ದಿನವೇ ಮೊಬೈಲ್ ಪೂರ್ತಿ ಆಫ್ ಮಾಡಬೇಡ. ಕೈ ಸುಮ್ನೆ ಜೇಬಿಗೆ ಹೋಗುತ್ತಿರುತ್ತೆ, ಹೋಗಲಿ. ರಾತ್ರಿ ಭತ್ತ ತುಂಬುವ ಪತ್ತಾಯದೊಳಗೆ ಇಡು, ಅದರ ಮುಚ್ಚಳ ಎತ್ತೋಕೆ ಎರಡು ಕೈ ಬೇಕು. ಹೇಗಿದ್ದರೂ ಸಿಗ್ನಲ್ ಸಿಗೋದು ಹಲಸಿನ ಮರದ ಬುಡದಲ್ಲಿ ಮಾತ್ರ, ಗೊತ್ತಲ್ಲ. ತಡಿಯಂಡಮೋಳ್ ಹತ್ತೋ ಯೋಚನೆ ಬೇಡ. 1,748 ಮೀಟರ್ ಎತ್ತರಕ್ಕೆ ಏರಿ ಅಲ್ಲಿ ಎಲ್ಲರೂ ಫೋಟೋ ತೆಗೆಯೋದನ್ನು ನೋಡಬೇಕಾಗುತ್ತೆ. ದೇವರಕಾಡಿನ ಅಂಚಿನಲ್ಲಿ ಕೂತರೆ ಸಾಕು, ಮಂಗಟ್ಟೆ ಹಕ್ಕಿಗಳು ಬರುತ್ತವೆ. ಮುದುಕರು ಕೆಮ್ಮಿ ನಕ್ಕ ಹಾಗಿರುತ್ತೆ ಅವುಗಳ ಕೂಗು. ಸಂಜೆ ಆರಕ್ಕೆ ಮುಂಚೆ ವಾಪಸ್ ಬಾ, ಆನೆ ವಿಚಾರ ಹೇಳಿದೆನಲ್ಲ. ಖಾಲಿ ಅನ್ನಿಸಿದರೆ ನನ್ನನ್ನು ಕರೆ. ನಾನು ಮಾತಾಡಲ್ಲ, ಪಕ್ಕದಲ್ಲಿ ಕೂರ್ತೀನಿ. ಅಪ್ಪನ ಜೊತೆ ನಾನು ಮಾಡದೇ ಇದ್ದದ್ದು ಅದೊಂದೇ.

ನಿನ್ನೆ ಹೂಮಳೆ ಬಿತ್ತು, ಒಂದು ಇಂಚಿನ ಮೇಲೆ. ಬೆಳಿಗ್ಗೆ ರೊಬಸ್ಟಾ ಕಾಫಿ ಗಿಡ ಬಗ್ಗಿಸಿ ನೋಡಿದೆ. ಮೊನ್ನೆಯವರೆಗೆ ಅಕ್ಕಿಕಾಳಿನ ಹಾಗೆ ಬಿಗಿದುಕೊಂಡು ನಿಂತಿದ್ದ ಮೊಗ್ಗು ಆಗಲೇ ಮೆತ್ತಗಾಗಿದೆ. ಇನ್ನು ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಎರಡು ಮೂರು ದಿನ ಇರುತ್ತೆ, ಅಷ್ಟೇ. ದೊಡ್ಡಮ್ಮ ಕಡಂಬುಟ್ಟು ಮಾಡ್ತೀನಿ ಅಂದಿದ್ದಾಳೆ.

ಬರೋದಾದರೆ ಫೋನ್ ಮಾಡಿಯೇ ಹೇಳು. ಕಾಗದ ಬರೆದರೆ ಅದು ನನಗೆ ತಲುಪೋಷ್ಟರಲ್ಲಿ ಹೂ ಉದುರಿರುತ್ತೆ.

ನಿನ್ನ
ದೊಡ್ಡಪ್ಪ