ಬಾಸ್ ಆಂಪ್‌ನ ಜ್ಯಾಕ್ ಕರಕರ ಅಂದರೆ

ಎಲ್ಲರ ಗಮನಕ್ಕೆ: ಗಣೇಶನ ಹಬ್ಬದ ಕಾರ್ಯಕ್ರಮಗಳು ಹತ್ತಿರ ಬಂದಿವೆ. ಚಿಕ್ಕಮಗಳೂರಿನ ಮಳೆಗಾಲದ ಥಂಡಿಗೆ ಮೂಲೆಯಲ್ಲಿಟ್ಟ ಬಾಸ್ ಗಿಟಾರ್ ಆಂಪ್‌ಗಳ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗಳ) ಇನ್‌ಪುಟ್ ಜ್ಯಾಕ್, ಅಂದರೆ ಕೇಬಲ್ ಚುಚ್ಚುವ ತೂತು, ಕಿಲುಬು ಹಿಡಿದಿರುತ್ತದೆ.

ಬಿಚ್ಚುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಎಷ್ಟೋ ಸಲ ತಪ್ಪು ಅದರದ್ದೇ. ಆಕ್ಟಿವ್ ಬಾಸ್ (ಒಳಗೆ ಬ್ಯಾಟರಿ ಇರುವ ಗಿಟಾರ್) ಆದರೆ 9 ವೋಲ್ಟ್ ಬ್ಯಾಟರಿಯನ್ನೂ ಬದಲಿಸಿ. ವಾಲ್ಯೂಮ್ ಇಳಿಸಿಕೊಂಡು ಕೇಬಲನ್ನು ಎಫೆಕ್ಟ್ಸ್ ರಿಟರ್ನ್‌ಗೆ (ನೇರ ಪವರ್ ಆಂಪ್‌ಗೆ ಹೋಗುವ ಇನ್ನೊಂದು ತೂತಿಗೆ) ಹಾಕಿದಾಗ ಸದ್ದು ಸರಿಯಾಗಿ ಬಂದರೆ ಪವರ್ ಆಂಪ್ (ಸ್ಪೀಕರ್ ಓಡಿಸುವ ಭಾಗ), ಸ್ಪೀಕರ್ ಸರಿ ಇವೆ. ತೊಂದರೆ ಜ್ಯಾಕ್‌ನಲ್ಲೋ ಪ್ರೀಆಂಪ್‌ನಲ್ಲೋ (ಗಿಟಾರಿನ ಸಿಗ್ನಲ್ ಮೊದಲು ಹಿಗ್ಗಿಸುವ ಭಾಗ) ಇದೆ.

ಕರೆಂಟ್ ಪ್ಲಗ್ ಕಿತ್ತ ಮೇಲೆ ಜ್ಯಾಕ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಕೇಬಲ್‌ನ ಪಿನ್ ಹತ್ತು ಸಲ ಹಾಕಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಧೂಳು ಅಂಟುತ್ತದೆ. ನಟ್ ಬಿಗಿ ಮಾಡುವಾಗ ಜ್ಯಾಕ್ ತಿರುಗದಿರಲಿ. ತಿರುಗಿದರೆ ಹಿಂದಿನ ವೈರ್ ಕಿತ್ತು ಬರುತ್ತದೆ.

ವಾಲ್ವ್ ಆಂಪ್ (ಒಳಗೆ ಗಾಜಿನ ಟ್ಯೂಬ್ ಇರುವುದು) ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು, ರಿಪೇರಿಯವರಿಗೇ ಕೊಡಿ. ಟ್ರಾನ್ಸಿಸ್ಟರ್ ಆಂಪ್‌ನಲ್ಲೂ ಪವರ್ ಸಪ್ಲೈ ಕಡೆ ಕೈ ಹಾಕುವುದು ಬೇಡ.

ಸರ್ಕ್ಯೂಟ್ ಬೋರ್ಡ್ ಮೇಲೇ ಕೂತ ಪ್ಲಾಸ್ಟಿಕ್ ಜ್ಯಾಕ್‌ಗಳಲ್ಲಿ ಕಾಲಿನ ಸುತ್ತ ಸೋಲ್ಡರ್ ಉಂಗುರದಂತೆ ಸೀಳುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಹಳೆಯದನ್ನು ಹೀರಿ ತೆಗೆದು ಹೊಸದಾಗಿ 60/40 ಸೋಲ್ಡರ್ (60 ಭಾಗ ತವರ, 40 ಭಾಗ ಸೀಸ) ಹಾಕಿ. ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿ: ಸ್ವಿಚ್ ಇರುವ ಜ್ಯಾಕ್‌ನಲ್ಲಿ ಪಿನ್ ಇಲ್ಲದಾಗ ಸಾಮಾನ್ಯವಾಗಿ ಟಿಪ್ (ಪಿನ್ನಿನ ತುದಿ ತಾಗುವ ಕಡೆ) ಗ್ರೌಂಡ್‌ಗೆ ಸೇರಿರುತ್ತದೆ. ಪಿನ್ ಹಾಕಿದರೂ (ಕೇಬಲ್‌ನ ಇನ್ನೊಂದು ತುದಿ ಖಾಲಿ ಇರಲಿ) ಬಿಡದಿದ್ದರೆ ಒಳಗಿನ ಎಲೆ (ಲೋಹದ ತೆಳು ಪಟ್ಟಿ) ಬಾಗಿದೆ, ಜ್ಯಾಕ್ ಬದಲಿಸಲೇಬೇಕು. 6.35 ಮಿ.ಮೀ. ಮೋನೋ ಅಂತ ಕೇಳಿದರೆ ಸಾಲದು. ಕಾಲುಗಳ ಸಂಖ್ಯೆ, ಅಂತರ ಹೊಂದಬೇಕು, ಹಳೆಯದನ್ನೇ ಅಂಗಡಿಗೆ ಒಯ್ಯಿರಿ.