ಚೆಂಡು ಯಾಕೆ ಎಸೆಯಲಿಲ್ಲ ನೀನು?

ಗೆಳೆಯಾ,

ಹೋದ ಭಾನುವಾರ ನೀನು ಮೈದಾನಕ್ಕೆ ಬಂದಿದ್ದನ್ನು ನೋಡಿದೆ. ಬೌಂಡರಿ ಆಚೆ ಹೊಂಗೆ ಮರದ ನೆರಳಲ್ಲಿ ಬೈಕ್ ನಿಲ್ಲಿಸಿ ಕೂತಿದ್ದೆ. ಎದುರು ಟೀಮಿನವನು ಹೊಡೆದ ಚೆಂಡು ಉರುಳಿಕೊಂಡು ನಿನ್ನ ಕಾಲ ಹತ್ತಿರವೇ ಬಂತು. ಎತ್ತಿಕೊಂಡೆ. ಎಡಗೈಯಲ್ಲಿ ಒಂದು ಸಲ ತಿರುಗಿಸಿದೆ, ಭುಜ ಸ್ವಲ್ಪ ಹಿಂದಕ್ಕೂ ಹೋಯಿತು. ನಾನು ಸ್ಟಂಪ್ ಹಿಂದೆ ಗ್ಲೌಸ್ ಎತ್ತಿ ನಿಂತೆ. ಆಮೇಲೆ ನೀನು ಪಕ್ಕದಲ್ಲಿದ್ದ ಸಣ್ಣ ಹುಡುಗನ ಕೈಗೆ ಚೆಂಡು ಕೊಟ್ಟುಬಿಟ್ಟೆ. ಅವನು ಎಸೆದ.

ಅವತ್ತಿಂದ ನಿನಗೆ ರಿಕ್ ಆಂಕೀಲ್ ಕಥೆ ಹೇಳಬೇಕು ಅನ್ನಿಸುತ್ತಿದೆ. ಅಮೆರಿಕದ ಬೇಸ್‌ಬಾಲ್ ಪಿಚರ್, ಅಂದರೆ ಅಲ್ಲಿಯ ಬೌಲರ್. ನಿನ್ನ ಹಾಗೆ ಎಡಗೈ.

ಫ್ಲಾರಿಡಾದ ಹುಡುಗ, ಹುಟ್ಟಿದ್ದು 1979ರಲ್ಲಿ. 1997ರಲ್ಲಿ ಸ್ಕೂಲು ಮುಗಿಸುತ್ತಿದ್ದಂತೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಟೀಮು 25 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡಿತು. 2000ದಲ್ಲಿ, ಪೂರ್ತಿ ಆಡಿದ ಮೊದಲ ಸೀಸನ್‌ನಲ್ಲೇ, 194 ಸ್ಟ್ರೈಕ್ ಔಟ್ ಮಾಡಿದ, ನಮ್ಮಲ್ಲಿ ಬೌಲ್ಡ್ ಮಾಡಿದ ಹಾಗೆ. ಅವನ ಕರ್ವ್ ಬಾಲ್ ಎದೆಮಟ್ಟದಲ್ಲಿ ಬರುತ್ತಿದೆ ಅನ್ನಿಸಿ, ಬ್ಯಾಟ್ ಬೀಸುವ ಹೊತ್ತಿಗೆ ಮಂಡಿ ಹತ್ತಿರ ಬಿದ್ದುಹೋಗಿರುತ್ತಿತ್ತು. ಅದೇ ವರ್ಷ ಅವನ ಅಪ್ಪ ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋದರು. ಹುಡುಗನಿಗೆ ಆಗ ಇಪ್ಪತ್ತೊಂದು ವರ್ಷ.

2000ದ ಅಕ್ಟೋಬರ್ 3. ಪ್ಲೇ ಆಫ್‌ನ ಮೊದಲ ಪಂದ್ಯ, ಸ್ವಂತ ಮೈದಾನ, ಎದುರಿಗೆ ಅಟ್ಲಾಂಟಾ ಬ್ರೇವ್ಸ್. ಅವರ ಪಿಚರ್ ಗ್ರೆಗ್ ಮ್ಯಾಡಕ್ಸ್ ಅಂಥವನ ಮೇಲೆ ಮೊದಲ ಇನಿಂಗ್ಸ್‌ನಲ್ಲೇ ಕಾರ್ಡಿನಲ್ಸ್ 6 ರನ್ ಹೊಡೆದಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ ಮಾರಾಯ. ಮೂರನೇ ಇನಿಂಗ್ಸ್‌ನಲ್ಲಿ ಒಂದು ಚೆಂಡು ಕ್ಯಾಚರ್‌ಗೆ, ಅಂದರೆ ಅವರ ಕೀಪರ್‌ಗೆ, ಸಿಗದೆ ಹಿಂದಕ್ಕೆ ಹೋಯಿತು. ಆಮೇಲೆ ಇನ್ನೊಂದು. ಒಂದೇ ಇನಿಂಗ್ಸ್‌ನಲ್ಲಿ ಹೀಗೆ ಐದು ವೈಲ್ಡ್ ಪಿಚ್! 1890ರ ನಂತರ ಯಾರೂ ಹಾಗೆ ಎಸೆದಿರಲಿಲ್ಲ. ನಾಲ್ಕು ಜನರಿಗೆ ಪುಕ್ಕಟೆ ಬೇಸ್ (ಓಡಿ ಮುಟ್ಟಬೇಕಾದ ಜಾಗ) ಬೇರೆ, ಅದಕ್ಕೆ ವಾಕ್ ಅನ್ನುತ್ತಾರೆ. ಪಂದ್ಯ ಗೆದ್ದರು, ಆದರೆ ಅವನ ಕೈಯಿಂದ ಆ ಎಸೆತ ಹೋಗಿಬಿಟ್ಟಿತ್ತು.

ಕೀಪರ್ ಆದವನಿಗೆ ಇಲ್ಲಿ ಒಂದು ವಿಷಯ ಚುಚ್ಚುತ್ತದೆ. ಟೀಮಿನ ಖಾಯಂ ಕ್ಯಾಚರ್ ಮೈಕ್ ಮಥೀನಿ ಅವತ್ತು ಆಡುತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಬೇಟೆ ಚಾಕುವಿನಿಂದ ಕೈ ಕುಯ್ದುಕೊಂಡಿದ್ದ. ಅವನಿದ್ದಿದ್ದರೆ ಓಡಿಹೋಗಿ ಏನಾದರೂ ಮಾತಾಡಿ ಹುಡುಗನನ್ನು ಸಮಾಧಾನ ಮಾಡುತ್ತಿದ್ದನೋ ಏನೋ. ನಾನು ನಮ್ಮ ಆ ಸೆಮಿಫೈನಲ್‌ನಲ್ಲಿ ನಿನ್ನ ಎದುರಿಗೇ ಇದ್ದೆ. ವೈಡ್ ಮೇಲೆ ವೈಡ್ ಹೋಗುತ್ತಿದ್ದಾಗ ಹಿಂದೆ ಓಡಿ ಚೆಂಡು ತಂದು ನಿನಗೆ ಎಸೆದೆ, ಅಷ್ಟೇ. ಹತ್ತಿರ ಬಂದು ಹೆಗಲ ಮೇಲೆ ಕೈ ಇಡಲಿಲ್ಲ. ಮೂರು ವರ್ಷ ಆಯಿತು, ಇದನ್ನು ನಿನಗೆ ಹೇಳಿಯೂ ಇರಲಿಲ್ಲ.

ಆಂಕೀಲ್ ಅಲ್ಲಿಗೇ ಬಿಡಲಿಲ್ಲ. 2001ರಲ್ಲಿ ಕೆಳಗಿನ ಲೀಗಿಗೆ, ಮೆಂಫಿಸ್‌ಗೆ ಕಳಿಸಿದರು. ಅಲ್ಲಿ ನಾಲ್ಕು ಚಿಲ್ಲರೆ ಇನಿಂಗ್ಸ್‌ನಲ್ಲಿ 17 ವಾಕ್, 12 ವೈಲ್ಡ್ ಪಿಚ್. ಇನ್ನೂ ಕೆಳಗೆ, ಹೊಸ ಹುಡುಗರು ಆಡುವ ಜಾನ್ಸನ್ ಸಿಟಿಗೆ ಕಳಿಸಿದರು. ಜನ ಕಡಿಮೆ, ಅಲ್ಲಿ ಚೆನ್ನಾಗಿ ಎಸೆದ. ಆಮೇಲೆ ಮೊಣಕೈ ಹೋಯಿತು, 2003ರಲ್ಲಿ ಆಪರೇಷನ್. 2004ರ ಸೆಪ್ಟೆಂಬರ್‌ನಲ್ಲಿ ಮತ್ತೆ ದೊಡ್ಡ ಲೀಗಿಗೆ ಬಂದು 10 ಇನಿಂಗ್ಸ್ ಎಸೆದು ಒಂದೇ ಒಂದು ವಾಕ್ ಕೊಟ್ಟ. ಎಲ್ಲ ಸರಿಹೋಯಿತು ಅಂತ ಜನ ಅಂದುಕೊಂಡಾಗ, 2005ರ ಮಾರ್ಚ್‌ನಲ್ಲಿ ಅವನು ಪಿಚಿಂಗ್ ಸಾಕು ಅಂದ. ಇನ್ನು ಔಟ್‌ಫೀಲ್ಡ್‌ನಲ್ಲಿ ನಿಲ್ಲುತ್ತೇನೆ, ಬ್ಯಾಟ್ ಮಾಡುತ್ತೇನೆ ಅಂದ.

ಇದು ಎಷ್ಟು ಕಷ್ಟದ ಮಾತು ಅಂತ ನಿನಗೆ ಗೊತ್ತಾಗುತ್ತದೆ. ಇಪ್ಪತ್ತೈದು ವರ್ಷದ ಬೌಲರ್ ಒಬ್ಬ ನಾಳೆಯಿಂದ ನಾನು ಬ್ಯಾಟ್ಸ್‌ಮನ್ ಅಂದ ಹಾಗೆ. 2006 ಪೂರ್ತಿ ಮಂಡಿ ನೋವಲ್ಲಿ ಹೋಯಿತು. 2007ರಲ್ಲಿ ಅದೇ ಮೆಂಫಿಸ್‌ನಲ್ಲಿ 32 ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗೆ. ಆಗಸ್ಟ್ 9ಕ್ಕೆ ಸೇಂಟ್ ಲೂಯಿಸ್‌ಗೆ ವಾಪಸ್ ಕರೆದರು. ಮೊದಲ ಸಲ ಬ್ಯಾಟ್ ಹಿಡಿದು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಏಳನೇ ಇನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್! ಮ್ಯಾನೇಜರ್ ಟೋನಿ ಲಾ ರೂಸಾ, ಪ್ಲೇ ಆಫ್‌ನಲ್ಲಿ ಅವನನ್ನು ಎಸೆಯಲು ಕಳಿಸಿದ್ದ ಅದೇ ಮನುಷ್ಯ, ಚಪ್ಪಾಳೆ ಹೊಡೆದುಕೊಂಡು ನಗುತ್ತಿದ್ದ.

ಮುಚ್ಚಿಡುವುದಿಲ್ಲ, ಮುಂದಿನ ತಿಂಗಳು ಒಂದು ಪೇಪರಿನಲ್ಲಿ ಬಂತು, 2004ರಲ್ಲಿ ಇವನು ಗ್ರೋತ್ ಹಾರ್ಮೋನ್ ತರಿಸಿಕೊಂಡಿದ್ದ ಅಂತ. ಡಾಕ್ಟರ್ ಬರೆದುಕೊಟ್ಟಿದ್ದು ಅಂದ. ಆಗ ಬೇಸ್‌ಬಾಲ್‌ನಲ್ಲಿ ಅದಕ್ಕೆ ನಿಷೇಧ ಇರಲಿಲ್ಲ, ಲೀಗ್ ಕೂಡ ಕ್ರಮ ತೆಗೆದುಕೊಳ್ಳಲಿಲ್ಲ.

ಆದರೆ ನಾನು ನಿನಗೆ ಹೇಳಬೇಕು ಅಂದುಕೊಂಡಿದ್ದು ಹೋಮ್ ರನ್ ಬಗ್ಗೆ ಅಲ್ಲ. 2008ರ ಮೇ 6, ಡೆನ್ವರ್‌ನ ಮೈದಾನ. ಕೊಲೊರಾಡೊ ತಂಡದ ವಿಲ್ಲಿ ಟವೆರಸ್ ದೂರಕ್ಕೆ ಹೊಡೆದ. ಭಾರೀ ಓಟಗಾರ, ಮೂರನೇ ಬೇಸಿಗೇ ಹೋಗುತ್ತೇನೆ ಅಂತ ಓಡಿದ. ಗೋಡೆ ಹತ್ತಿರ ಚೆಂಡು ಎತ್ತಿಕೊಂಡ ಆಂಕೀಲ್ ಅಲ್ಲಿಂದಲೇ ಎಸೆದ. ಸುಮಾರು 300 ಅಡಿ. ನೆಲಕ್ಕೆ ತಾಕದೆ ಸೀದಾ ಮೂರನೇ ಬೇಸಿನವನ ಗ್ಲೌಸಿಗೆ ಬಂತು, ಟವೆರಸ್ ಔಟ್. ಎಂಟನೇ ಇನಿಂಗ್ಸ್‌ನಲ್ಲಿ ಇನ್ನೊಬ್ಬನನ್ನೂ ಹೀಗೇ ಔಟ್ ಮಾಡಿದ.

ಪಿಚರ್ ನಿಲ್ಲುವ ಜಾಗದಿಂದ ಬ್ಯಾಟ್ ಮಾಡುವವನಿಗೆ 60 ಅಡಿ 6 ಇಂಚು. ನಮ್ಮ ಪಿಚ್‌ಗಿಂತ ಐದೂವರೆ ಅಡಿ ಕಡಿಮೆ. ಆ 60 ಅಡಿಯಲ್ಲಿ ಕ್ಯಾಚರ್ ಸಿಗದ ಕೈಗೆ 300 ಅಡಿಯಲ್ಲಿ ಗ್ಲೌಸ್ ಸಿಕ್ಕಿತು! ಆ ವೀಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನನಗೆ ಅನ್ನಿಸುವುದು, ಅಲ್ಲಿ ಯೋಚಿಸಲು ಟೈಮ್ ಇರಲಿಲ್ಲ. ರನ್ ಅಪ್ ಶುರು ಮಾಡುವ ಮುಂಚೆ ಸುಮ್ನೆ ನಿಂತಿರುತ್ತೀಯಲ್ಲ, ಎಲ್ಲರೂ ನಿನ್ನನ್ನೇ ನೋಡುತ್ತಿರುತ್ತಾರಲ್ಲ, ಆ ಟೈಮ್. ನಿನ್ನ ಕೈಗೆ ಏನೂ ಆಗಿಲ್ಲ ಕಣೋ.

2010ರ ಪ್ಲೇ ಆಫ್‌ನಲ್ಲಿ, ಹತ್ತು ವರ್ಷ ಹಿಂದೆ ತನ್ನನ್ನು ಮುಳುಗಿಸಿದ್ದ ಅದೇ ಬ್ರೇವ್ಸ್ ಟೀಮಿಗೆ ಆಡುತ್ತಾ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 11ನೇ ಇನಿಂಗ್ಸ್‌ನಲ್ಲಿ ಮೈದಾನದ ಆಚೆ ನೀರಿಗೆ ಹೊಡೆದು ಗೆಲ್ಲಿಸಿದ. 2013ರವರೆಗೆ ಆಡಿದ. ಒಟ್ಟು 76 ಹೋಮ್ ರನ್, ಪಿಚರ್ ಆಗಿ 13 ಗೆಲುವು.

ಈ ಭಾನುವಾರವೂ ಮ್ಯಾಚ್ ಇದೆ, ಬೆಳಿಗ್ಗೆ ಎಂಟಕ್ಕೆ. ಬೌಲಿಂಗ್ ಮಾಡು ಅಂತ ಕೇಳುವುದಿಲ್ಲ, ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ. ಡೀಪ್ ಮಿಡ್ ವಿಕೆಟ್‌ನಲ್ಲಿ ಒಬ್ಬ ಕಡಿಮೆ ಇದ್ದಾನೆ, ಅಲ್ಲಿ ನಿಲ್ಲು. ಚೆಂಡು ಬಂದರೆ ನನ್ನ ಕಡೆ ಎಸೆ. ಎಲ್ಲಿ ಬಿದ್ದರೂ ಓಡಿ ಹಿಡಿಯುತ್ತೇನೆ.

ನಿನ್ನ ಕೀಪರ್